ಒಂದು ಸಲಕ್ಕೆ ಎಷ್ಟು ಸಾಲು?

1973ರಲ್ಲಿ ಮದ್ರಾಸಿನ ಐಐಟಿಗೆ ಐಬಿಎಂ 370/155 ಕಂಪ್ಯೂಟರ್ ಬಂತು. ಆ ಕಾಲದ ಯಂತ್ರಗಳಿಗೆ ಮಾಹಿತಿ ಉಣಿಸುತ್ತಿದ್ದದ್ದು ಪಂಚ್ ಕಾರ್ಡು ಮತ್ತು ಮ್ಯಾಗ್ನೆಟಿಕ್ ಟೇಪು. ಟೇಪಿನಲ್ಲಿ ಒಂದೊಂದೇ ದಾಖಲೆ ಬರೆದರೆ ನಡುನಡುವೆ ಖಾಲಿ ಜಾಗ ಬಿಡಬೇಕಾಗಿತ್ತು. ಅದಕ್ಕೇ ಹಲವು ದಾಖಲೆಗಳನ್ನು ಸೇರಿಸಿ ಒಂದು ಬ್ಲಾಕ್ ಮಾಡುತ್ತಿದ್ದರು. ಬ್ಲಾಕ್ ದೊಡ್ಡದಾದಷ್ಟೂ ಓದು ಬೇಗ ಮುಗಿಯುತ್ತಿತ್ತು, ಆದರೆ ಇಡೀ ಬ್ಲಾಕಿಗೆ ಮೆಮೊರಿಯಲ್ಲಿ ಜಾಗ ಬೇಕಿತ್ತು. ಮೆಮೊರಿ ದುಬಾರಿಯಾಗಿದ್ದ ಕಾಲ. ಪ್ರೋಗ್ರಾಂ ಬರೆಯುವವರೇ ಈ ಲೆಕ್ಕ ಹಾಕಬೇಕಿತ್ತು.

1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ರಿಲೇಶನಲ್ ಮಾದರಿ ಮುಂದೆ ಈ ಕೆಲಸವನ್ನು ಹಗುರ ಮಾಡಿತು. ಏನು ಬೇಕೆಂದು ಹೇಳಿದರೆ ಸಾಕು, ಹೇಗೆ ಹುಡುಕುವುದೆಂಬುದನ್ನು ಡೇಟಾಬೇಸ್ ನೋಡಿಕೊಳ್ಳುತ್ತದೆ. ಆದರೆ ಸಿಕ್ಕಿದ್ದನ್ನು ಒಂದು ಸಲಕ್ಕೆ ಎಷ್ಟು ತರಬೇಕು ಎಂಬ ಹಳೆಯ ಪ್ರಶ್ನೆ ಹಾಗೇ ಉಳಿಯಿತು. 1998ರ ಕೊನೆಯಲ್ಲಿ ಜಾವಾ 1.2ರ ಜೊತೆ ಬಂದ ಜೆಡಿಬಿಸಿ 2.0 ಅದನ್ನು ಫೆಚ್ ಸೈಜ್ ಎಂಬ ಹೆಸರಲ್ಲಿ ಪ್ರೋಗ್ರಾಮರ್ ಕೈಗೆ ಕೊಟ್ಟಿತು. 2000ದಲ್ಲಿ ಚೆನ್ನೈನ ತರಮಣಿಯಲ್ಲಿ ಟೈಡಲ್ ಪಾರ್ಕ್ ತೆರೆಯಿತು. ಹಳೇ ಮಹಾಬಲಿಪುರಂ ರಸ್ತೆಯುದ್ದಕ್ಕೂ ಸಾಫ್ಟ್‌ವೇರ್ ಕಚೇರಿಗಳು ಎದ್ದವು.

ಲೆಕ್ಕ ಸುಲಭ. ಒಂದು ಸಾಲಿಗೆ 1 ಕಿಲೋಬೈಟ್, ಒಟ್ಟು 10 ಲಕ್ಷ ಸಾಲು ಎಂದುಕೊಳ್ಳಿ. ಸಲಕ್ಕೆ 10 ಸಾಲು ತಂದರೆ 1 ಲಕ್ಷ ಓಡಾಟ. ಒಂದಕ್ಕೆ 1 ಮಿಲಿಸೆಕೆಂಡ್ ಹಿಡಿದರೂ ಓಡಾಟಕ್ಕೇ 100 ಸೆಕೆಂಡ್. ಸಲಕ್ಕೆ 1000 ತಂದರೆ 1 ಸೆಕೆಂಡ್ ಸಾಕು, ಹೊರೆ ಸುಮಾರು 1 ಮೆಗಾಬೈಟ್. ಎಲ್ಲವನ್ನೂ ಒಟ್ಟಿಗೇ ತಂದರೆ 1 ಗಿಗಾಬೈಟ್. ಅದೇ ಹೊತ್ತಿಗೆ ಹತ್ತು ಜನ ಅದೇ ವರದಿ ಕೇಳಿದರೆ 10 ಗಿಗಾಬೈಟ್.

ನಾವು ಏನೂ ಹೇಳದಿದ್ದರೆ ಒರಾಕಲ್ ಡ್ರೈವರ್ ಸಲಕ್ಕೆ 10 ಸಾಲು ತರುತ್ತದೆ. ಪೋಸ್ಟ್‌ಗ್ರೆಸ್ ಮತ್ತು ಮೈಎಸ್‌ಕ್ಯೂಎಲ್ ಡ್ರೈವರ್‌ಗಳು ಇಡೀ ಫಲಿತಾಂಶವನ್ನು ಮೆಮೊರಿಗೆ ಸುರಿಯುತ್ತವೆ. ಪೋಸ್ಟ್‌ಗ್ರೆಸ್‌ನಲ್ಲಿ ಫೆಚ್ ಸೈಜ್ ಕೊಟ್ಟರೂ ಆಟೋಕಮಿಟ್ ಆಫ್ ಮಾಡದಿದ್ದರೆ ಅದು ಲೆಕ್ಕಕ್ಕೇ ಬರುವುದಿಲ್ಲ. ಹೀಗಾಗಿ ಒರಾಕಲ್ ಮೇಲೆ ವರ್ಷಗಟ್ಟಲೆ ನಿಧಾನವಾಗಿಯಾದರೂ ನಡೆದ ಕೋಡ್, ಒಂದು ಸಾಲೂ ಬದಲಾಗದೆ, ಪೋಸ್ಟ್‌ಗ್ರೆಸ್‌ಗೆ ಬಂದ ಮೇಲೆ ಮೆಮೊರಿ ಸಾಲದೆ ಕುಸಿಯಬಹುದು. ಸಾವಿರ ಸಾಲಿನ ಟೇಬಲ್ ಇಟ್ಟುಕೊಂಡು ಪರೀಕ್ಷಿಸಿದರೆ ಇದು ಗೊತ್ತೇ ಆಗುವುದಿಲ್ಲ.

ಕಾರ್ಡು, ಟೇಪಿನ ಕಾಲದಲ್ಲಿ ಬರೆಯುವ ಮೊದಲೇ ಹಾಕುತ್ತಿದ್ದ ಲೆಕ್ಕವನ್ನು ಇಂದು ಎಷ್ಟೋ ಕಡೆ ರಾತ್ರಿ ಪಾಳಿಯವರು, ಸರ್ವರ್ ಬಿದ್ದ ಮೇಲೆ ಹಾಕುತ್ತಾರೆ.