ಹಗೇವು, ಪೆಟ್ಟಿಗೆ, ಬೀರು: ಮನೆಯ ಸಂಗ್ರಹದ ಕಥೆ

ಹೊರ ವರ್ತುಲ ರಸ್ತೆಗೆ ಹೊಂದಿಕೊಂಡ ದೊಡ್ಡನೆಕ್ಕುಂದಿ ಇಂದು ಕಚೇರಿ, ಕಾರ್ಖಾನೆ, ಅಪಾರ್ಟ್‌ಮೆಂಟ್‌ಗಳ ಪ್ರದೇಶ. ಕೆರೆಯನ್ನು ನಂಬಿದ್ದ ಈ ಕೃಷಿಗ್ರಾಮ 2007ರಲ್ಲಿ ಬಿಬಿಎಂಪಿ ರಚನೆಯಾದಾಗ ಮಹಾನಗರದ ವ್ಯಾಪ್ತಿಗೆ ಸೇರಿತು. ಬೆಂಗಳೂರು ಪೂರ್ವದ ಇಂತಹ ರಾಗಿಸೀಮೆಯ ಹಳ್ಳಿಮನೆಗಳಲ್ಲಿ ಕುರ್ಚಿ, ಮೇಜುಗಳು ವಿರಳವಾಗಿದ್ದವು. ಮನೆಯ ಮುಖ್ಯ ಸಾಮಗ್ರಿಯೆಂದರೆ ಕೂಡಿಡುವ ಸಾಧನಗಳೇ.

ಮೊದಲ ಸ್ಥಾನ ಧಾನ್ಯಕ್ಕೆ. ದಿನಬಳಕೆಯ ಕಾಳಿಗೆ ಮಣ್ಣಿನ ವಾಡೆ, ಬಿದಿರಿನ ಕಣಜ. ಹೆಚ್ಚಿನ ರಾಗಿಗೆ ನೆಲದೊಳಗಿನ ಹಗೇವು. ಬಾಯಿ ಕಿರಿದು, ಹೊಟ್ಟೆ ಅಗಲವಾದ ಈ ಗುಂಡಿಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಆಮ್ಲಜನಕ ಕರಗುವುದರಿಂದ ಹುಳು ಬದುಕದು, ರಾಗಿ ವರ್ಷಗಟ್ಟಲೆ ಕೆಡದು. ಅದೇ ಕಾರಣಕ್ಕೆ, ತೆರೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದೂ ಉಂಟು. ಗಾಳಿಯಾಡಲು ಬಿಟ್ಟು, ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಒಳಗಿಳಿಯುವುದು ವಾಡಿಕೆ.

ಮರದ ಪೆಟ್ಟಿಗೆಯ ಜಾಗ ಒಳಕೋಣೆ. ರೇಷ್ಮೆ ಸೀರೆ, ಒಡವೆಗಳ ಜತೆ ಕ್ರಯಪತ್ರ, ಪಾಲುಪಟ್ಟಿಗಳೂ ಅದರಲ್ಲೇ ಇರುತ್ತಿದ್ದವು. ಬೀಗದ ಕೈ ಮನೆಯ ಹಿರಿಯರ ಬಳಿ. ಹೊಲಗಳು ನಿವೇಶನಗಳಾದ ದಶಕಗಳಲ್ಲಿ ಈ ಕಾಗದಗಳ ಬೆಲೆ ಒಡವೆಯನ್ನೂ ಮೀರಿತು. ಕರಾವಳಿ ಮತ್ತು ಕಾಸರಗೋಡಿನ ಭತ್ತದ ಪತ್ತಾಯಗಳಂತೂ ಮುಚ್ಚಳದ ಮೇಲೆ ಮಲಗಬಹುದಾದಷ್ಟು ದೊಡ್ಡವು.

ಪೆಟ್ಟಿಗೆಯ ಈ ಮರ್ಯಾದೆ ನಮ್ಮಲ್ಲಿ ಮಾತ್ರವಲ್ಲ. ಚೀನಾದಲ್ಲಿ ಕರ್ಪೂರದ ಮರದ ಪೆಟ್ಟಿಗೆ ಮದುಮಗಳ ಜತೆ ಗಂಡನ ಮನೆಗೆ ಹೋಗುತ್ತಿತ್ತು. ನಾವು ಬಟ್ಟೆಯ ನಡುವೆ ಬೇವಿನೆಲೆ ಇಟ್ಟರೆ, ಅಲ್ಲಿ ಮರದ ವಾಸನೆಯೇ ಹುಳುಗಳನ್ನು ದೂರವಿಡುತ್ತಿತ್ತು. ಮಿಂಗ್ ಕಾಲದ (1368-1644) ಕಪಾಟುಗಳು ಮೊಳೆಗಿಂತ ಮರದ ಕೂಡುಕಚ್ಚುಗಳನ್ನೇ ನೆಚ್ಚಿದವು. ಚಳಿಯ ಉತ್ತರ ಚೀನಾದಲ್ಲಿ, ಕೆಳಗಿನಿಂದ ಬೆಂಕಿಯ ಶಾಖ ಹಾಯುವ ‘ಕಾಂಗ್’ ಎಂಬ ಜಗಲಿಯ ಮೇಲೆಯೇ ಸಂಸಾರದ ಊಟ, ನಿದ್ದೆ. ಹಾಗಾಗಿ ಗಿಡ್ಡ ಕಪಾಟುಗಳು ಅದರ ಮೇಲೇರಿದವು.

ಭಾರತದಲ್ಲಿ ಗೋದ್ರೆಜ್ ಕಂಪೆನಿ 1923ರಲ್ಲಿ ಉಕ್ಕಿನ ಕಪಾಟು ತಯಾರಿಸತೊಡಗಿತು. ಬೆಂಗಳೂರಿಗರ ಬಾಯಲ್ಲಿ ಅದು ‘ಬೀರು’. ಪೆಟ್ಟಿಗೆಯ ತಳದಲ್ಲಿದ್ದ ಸೀರೆಗಾಗಿ ಮೇಲಿನದನ್ನೆಲ್ಲ ಹೊರತೆಗೆಯುವ ಶ್ರಮ ತಪ್ಪಿತು. ಮದುವೆಯ ಸಾಮಾನಿನ ಪಟ್ಟಿಯಲ್ಲಿ ಪೆಟ್ಟಿಗೆಯ ಜಾಗಕ್ಕೆ ಬೀರು ಬಂತು. ಈಗಿನ ಫ್ಲಾಟುಗಳ ವಾರ್ಡ್‌ರೋಬ್ ಗೋಡೆಗೇ ಅಂಟಿಕೊಂಡಿದೆ. ಬಾಡಿಗೆದಾರ ಮನೆ ಬಿಟ್ಟರೂ ಅದು ಅಲ್ಲೇ. ರಾಗಿಯಂತೂ ಹಿಟ್ಟಾಗಿ ಪೊಟ್ಟಣದಲ್ಲಿ ಬರುತ್ತದೆ.

ಹಳೆಯ ಪೆಟ್ಟಿಗೆ ಉಳಿಸಿಕೊಂಡವರು ಅದನ್ನು ನೆಲಕ್ಕೆ ತಾಗದಂತೆ, ಗೋಡೆಯಿಂದ ತುಸು ದೂರವಿಡುವುದು ಲೇಸು. ತೇವ ಮತ್ತು ಗೆದ್ದಲು ಅಲ್ಲಿಂದಲೇ ಹತ್ತುತ್ತವೆ. ಗುಜರಿಗೆ ಕೊಡುವ ಮುನ್ನ ಒಳಬದಿಯ ಚಿಕ್ಕ ಖಾನೆಯನ್ನೊಮ್ಮೆ ನೋಡಿರಿ. ಹಳೆಯ ಪತ್ರಗಳನ್ನು ಇಡುತ್ತಿದ್ದುದು ಅಲ್ಲೇ.