ಮುಚ್ಚಳ ತಿರುಗಿಸುವ ಮುನ್ನ: ಮುದ್ರೆಯ 4,000 ವರ್ಷದ ಕಥೆ

 

ನಮ್ಮಜ್ಜಿಗೆ ಒಂದು ಅಭ್ಯಾಸ ಇತ್ತು. ಕೆಮ್ಮಿನ ಸಿರಪ್ ತಂದುಕೊಟ್ಟರೆ ಮೊದಲು ಮುಚ್ಚಳ ನೋಡೋರು. ಸೀಲ್ ಒಡೆದಿದ್ದರೆ, "ಇದು ಬೇಡ ಮಗಾ, ವಾಪಸ್ ಕೊಟ್ಟು ಬಾ" ಅನ್ನೋರು. ಬಾಟಲಿ ಮೇಲಿನ ಇಂಗ್ಲಿಷಿನ ಒಂದಕ್ಷರವೂ ಅವರಿಗೆ ಓದೋಕೆ ಬರ್ತಿರಲಿಲ್ಲ. ಆದರೆ ಸೀಲ್ ಅರ್ಥ ಆಗ್ತಿತ್ತು. ಓದು ಬಾರದವರಿಗೂ ಅರ್ಥವಾಗುವ ಆ ಗುರುತಿನ ಇತಿಹಾಸವೇ ಇವತ್ತಿನ ವಿಷಯ.

ಮೊದಲು ಗುಜರಾತಿನ ಲೋಥಲ್‌ಗೆ ಹೋಗೋಣ. 1955ರಿಂದ 1960ರವರೆಗೆ ಇಲ್ಲಿ ಉತ್ಖನನ ನಡೆಸಿದವರು ಕನ್ನಡಿಗರೇ ಆದ ಪುರಾತತ್ವಜ್ಞ ಎಸ್. ಆರ್. ರಾವ್. ಸಿಂಧೂ ನಾಗರಿಕತೆಯ ಈ ಊರಿನ ಉಗ್ರಾಣದಲ್ಲಿ ಅವರಿಗೆ ಸುಮಾರು 65 ಮಣ್ಣಿನ ಮುದ್ರೆಯಚ್ಚುಗಳು ಸಿಕ್ಕವು. ಒಂದು ಕಡೆ ಮುದ್ರೆಯ ಗುರುತು. ತಿರುಗಿಸಿ ನೋಡಿದರೆ ಹಗ್ಗ, ಬಟ್ಟೆ, ಬಿದಿರಿನ ಚಾಪೆಯ ಗುರುತು. ಅಂದರೆ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ, ಅದರ ಮೇಲೆ ಮುದ್ರೆ ಒತ್ತುತ್ತಿದ್ದರು. ಯಾರಾದರೂ ಮೂಟೆ ಬಿಚ್ಚಿದರೆ ಮಣ್ಣು ಒಡೆಯಲೇಬೇಕು. ಉಗ್ರಾಣಕ್ಕೆ ಬೆಂಕಿ ಬಿದ್ದಾಗ ಮೂಟೆಗಳು ಸುಟ್ಟುಹೋದವು, ಮಣ್ಣು ಮಾತ್ರ ಬೆಂದು ಗಟ್ಟಿಯಾಗಿ ನಮಗಾಗಿ ಉಳಿಯಿತು.

ಸಿಂಧೂ ಮುದ್ರೆಗಳಲ್ಲಿ ಹೆಚ್ಚಿನವು ಬಳಪದ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಚೌಕಗಳು. ಒಂಟಿ ಕೊಂಬಿನ ಪ್ರಾಣಿ, ಮೇಲೊಂದು ಸಾಲು ಲಿಪಿ. ಆ ಲಿಪಿಯನ್ನು ಎಲ್ಲರೂ ಒಪ್ಪುವ ಹಾಗೆ ಇವತ್ತಿಗೂ ಯಾರೂ ಓದಿಲ್ಲ. ಆದರೂ ಮುದ್ರೆ ಏನು ಕೆಲಸ ಮಾಡ್ತಿತ್ತು ಅನ್ನೋದು ನಮಗೆ ಗೊತ್ತು. ಸಿಂಧೂ ಲಿಪಿಯ ಮುಂದೆ ನಾವೆಲ್ಲ ನಮ್ಮಜ್ಜಿಯ ಹಾಗೇ!

ಮೂಟೆಯಿಂದ ಈಗ ಔಷಧಿಗೆ ಬರೋಣ. ಗ್ರೀಸಿನ ಲೆಮ್ನೋಸ್ ದ್ವೀಪದಲ್ಲಿ ಒಂದು ಬಗೆಯ ಕೆಂಪು ಮಣ್ಣಿತ್ತು. ಅದನ್ನು ಬಿಲ್ಲೆ ಮಾಡಿ, ಮುದ್ರೆ ಒತ್ತಿ, ವಿಷಕ್ಕೂ ಗಾಯಕ್ಕೂ ಮದ್ದು ಅಂತ ಮಾರುತ್ತಿದ್ದರು. ಜನ ಆ ಮಣ್ಣನ್ನೇ 'ಲೆಮ್ನೋಸ್ ಮುದ್ರೆ' ಅಂತ ಕರೆದರು. ರೋಮನ್ ಕಾಲದ ಹೆಸರಾಂತ ವೈದ್ಯ ಗ್ಯಾಲೆನ್ 2ನೇ ಶತಮಾನದಲ್ಲಿ ಖುದ್ದಾಗಿ ಆ ದ್ವೀಪಕ್ಕೆ ಹೋದ. ಪೂಜಾರಿಣಿ ಮಣ್ಣು ಕಲಸಿ ಮುದ್ರೆ ಒತ್ತುವುದನ್ನು ವಿಚಾರಿಸಿ ತಿಳಿದುಕೊಂಡ, 20,000 ಬಿಲ್ಲೆಗಳನ್ನು ಜೊತೆಗೆ ಒಯ್ದ. ಇಲ್ಲಿ ಒಂದು ಮಾತು ಗಮನಿಸಿ. ಮುದ್ರೆ ಹೇಳುತ್ತಿದ್ದದ್ದು 'ಇದು ಲೆಮ್ನೋಸಿನದೇ ಮಣ್ಣು' ಅಂತ ಅಷ್ಟೇ. ಕಾಯಿಲೆ ವಾಸಿಯಾಗುತ್ತೆ ಅನ್ನೋದಕ್ಕೆ ಅದು ಸಾಕ್ಷಿಯಲ್ಲ. ಆದರೆ ಜನ ಎರಡನ್ನೂ ಒಂದೇ ಅಂದುಕೊಂಡರು.

ಇದಕ್ಕೆ ತದ್ವಿರುದ್ಧದ ಕಥೆ 1982ರ ಅಮೆರಿಕದ್ದು. ಅಲ್ಲಿ ಮದ್ದು ಸರಿಯಾಗೇ ಇತ್ತು, ಭದ್ರವಾದ ಮುದ್ರೆ ಇರಲಿಲ್ಲ. ಶಿಕಾಗೋ ಸುತ್ತಮುತ್ತಲಿನ ಅಂಗಡಿಗಳಲ್ಲಿದ್ದ ಟೈಲೆನಾಲ್ ಎಂಬ ನೋವಿನ ಮಾತ್ರೆಯ ಡಬ್ಬಿಗಳಿಗೆ ಯಾರೋ ಸೈನೈಡ್ ಬೆರೆಸಿದರು. 7 ಜನ ಸತ್ತರು. ಆ ಕೊಲೆಗಳಿಗಾಗಿ ಇವತ್ತಿನವರೆಗೂ ಯಾರಿಗೂ ಶಿಕ್ಷೆಯಾಗಿಲ್ಲ. ಡಬ್ಬಿ ತೆರೆದರೆ ಗೊತ್ತಾಗುವಂಥ ಸೀಲ್ ಇರಲೇಬೇಕು ಅಂತ ಅಲ್ಲಿನ ಸರ್ಕಾರ ಅದೇ ವರ್ಷ ನಿಯಮ ತಂದಿತು. ಲೋಥಲ್‌ನ ವ್ಯಾಪಾರಿಗಳಿಗೆ ಗೊತ್ತಿದ್ದ ಉಪಾಯವನ್ನು ನಾವು ಜೀವ ಕಳೆದುಕೊಂಡು ಮತ್ತೆ ಕಲಿತೆವು.

ಈಗ ಮುದ್ರೆ ನಿಮ್ಮ ಫೋನಿಗೂ ಬಂದಿದೆ. 2023ರ ಆಗಸ್ಟ್‌ನಿಂದ ಭಾರತದಲ್ಲಿ 300 ಬ್ರ್ಯಾಂಡ್‌ಗಳ ಔಷಧಿ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿದರೆ ತಯಾರಕರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಕಾಣುತ್ತೆ.

ಮುದ್ರೆ ಅಂದರೆ ಎದುರಿಗಿಲ್ಲದ ಮನುಷ್ಯ ಕೊಟ್ಟ ಮಾತು. 'ಇದು ನನ್ನದು, ನಡುವೆ ಯಾರೂ ಮುಟ್ಟಿಲ್ಲ' ಅಂತ. ಅದು ಅಷ್ಟನ್ನೇ ಹೇಳುತ್ತೆ, ಅದಕ್ಕಿಂತ ಹೆಚ್ಚೇನೂ ಹೇಳಲ್ಲ. ಒಳಗಿನ ಮದ್ದು ನಿಮಗೆ ಸರಿಯೋ ಅಲ್ಲವೋ ಅನ್ನೋದನ್ನು ಡಾಕ್ಟರನ್ನೇ ಕೇಳಿ. ಆದರೆ ಮುಚ್ಚಳ ತಿರುಗಿಸುವ ಮುಂಚೆ ಒಂದು ಸಲ ನೋಡಿ. ನಮ್ಮಜ್ಜಿ ನೋಡುತ್ತಿದ್ದ ಹಾಗೆ.

ಮುಂದಿನ ಕಂತಿನಲ್ಲಿ ಸಿಗೋಣ.