ಒಂಬತ್ತು ಮಂದಿಯ ಅರಮನೆ

ಅರಮನೆ ಎಂದಕೂಡಲೇ ನಮ್ಮ ಕಣ್ಣ ಮುಂದೆ ರಾಜ, ರಾಣಿ, ಸಿಂಹಾಸನಗಳು ಬಂದು ನಿಲ್ಲುತ್ತವೆ. ಇಟಲಿಯ ಟಸ್ಕನಿ ಪ್ರಾಂತದ ಸಿಯೆನಾ ನಗರದಲ್ಲಿ ರಾಜನೇ ಇಲ್ಲದ ಅರಮನೆಯೊಂದಿದೆ. ಅದರ ಹೆಸರು ಪಲಾಝೊ ಪುಬ್ಲಿಕೊ, ಅಂದರೆ ಸಾರ್ವಜನಿಕ ಅರಮನೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಅದರ ಕೆಲಸ ಶುರುವಾದಾಗ ಸಿಯೆನಾ ಒಂದು ಗಣರಾಜ್ಯವಾಗಿತ್ತು.

1287ರಿಂದ 1355ರವರೆಗೆ ಆ ನಗರವನ್ನು ಆಳಿದ್ದು ಒಂಬತ್ತು ಮಂದಿಯ ಸಭೆ. ಒಬ್ಬೊಬ್ಬರ ಅಧಿಕಾರವೂ ಎರಡೇ ತಿಂಗಳು. ಅಷ್ಟು ದಿನವೂ ಹೆಂಡತಿ ಮಕ್ಕಳನ್ನು ಬಿಟ್ಟು ಅರಮನೆಯಲ್ಲೇ ವಾಸ. ಬೇಕೆಂದಾಗ ಹೊರಗೆ ಹೋಗುವಂತಿರಲಿಲ್ಲ. ಅವಧಿ ಮುಗಿದ ಮೇಲೆ ಕೂಡಲೇ ಮತ್ತೆ ಆ ಕುರ್ಚಿಯಲ್ಲಿ ಕೂರುವಂತೆಯೂ ಇರಲಿಲ್ಲ. ಕುರ್ಚಿಗೆ ಮನುಷ್ಯ ಹೇಗೆ ಅಂಟಿಕೊಳ್ಳುತ್ತಾನೆಂಬುದು ಅವರಿಗೆ ತಿಳಿದಿತ್ತು.

ಇವರು ಮಾಡಿದ ಒಂದು ಕೆಲಸ ನಮ್ಮನ್ನು ವಿಶೇಷವಾಗಿ ತಟ್ಟುತ್ತದೆ. ಅಂದು ಕಾನೂನಿನ ಭಾಷೆ ಲ್ಯಾಟಿನ್. 1309-10ರಲ್ಲಿ ಸಿಯೆನಾದ ಆಡಳಿತ ತನ್ನ ಕಾನೂನು ಗ್ರಂಥವನ್ನು ಜನರ ಆಡುಮಾತಿಗೆ ಅನುವಾದ ಮಾಡಿಸಿತು. ಲ್ಯಾಟಿನ್ ಬಾರದ ಬಡವರೂ ನೋಡಲು, ನಕಲು ಮಾಡಿಕೊಳ್ಳಲು ಆಗುವಂತೆ ಅದನ್ನು ದೊಡ್ಡ, ಸ್ಪಷ್ಟ ಅಕ್ಷರಗಳಲ್ಲಿ ಬರೆದಿಡಬೇಕೆಂದು ವಿಧಿಸಲಾಗಿತ್ತು. ಕೋರ್ಟಿನ ಕಾಗದವೊಂದು ಬಂದರೆ ಅದನ್ನು ಓದಿಸಲು ಮನೆಯಿಂದ ಮನೆಗೆ ಅಲೆಯುತ್ತಿದ್ದ ಹಿರಿಯರನ್ನು ಕಂಡು ಬೆಳೆದ ನಮಗೆ ಇದರ ಬೆಲೆ ಗೊತ್ತು.

ಒಂಬತ್ತು ಮಂದಿ ಸೇರುತ್ತಿದ್ದ ಕೋಣೆಯ ಮೂರು ಗೋಡೆಗಳ ಮೇಲೆ ಅಂಬ್ರೋಜೊ ಲೊರೆಂಝೆಟ್ಟಿ ಎಂಬ ಕಲಾವಿದ 1338-39ರಲ್ಲಿ ಚಿತ್ರಗಳನ್ನು ಬರೆದ. ಒಳ್ಳೆಯ ಆಡಳಿತದ ಊರಿನಲ್ಲಿ ಮೇಷ್ಟರು ಪಾಠ ಹೇಳುತ್ತಿದ್ದಾರೆ, ಚಮ್ಮಾರ ಅಂಗಡಿ ತೆರೆದಿದ್ದಾನೆ, ಗಾರೆಯವರು ಮನೆ ಕಟ್ಟುತ್ತಿದ್ದಾರೆ. ಎದುರಿನ ಗೋಡೆಯಲ್ಲಿ ಕೊಂಬುಳ್ಳ ದಬ್ಬಾಳಿಕೆ ಗದ್ದುಗೆಯೇರಿದೆ. ಅದರ ಕಾಲ ಬಳಿ ನ್ಯಾಯದೇವತೆಯನ್ನು ಕಟ್ಟಿಹಾಕಲಾಗಿದೆ. ಆ ಊರಿನಲ್ಲಿ ಕೆಲಸ ನಡೆಯುತ್ತಿರುವುದು ಆಯುಧ ಮಾಡುವವನ ಅಂಗಡಿಯಲ್ಲಿ ಮಾತ್ರ. ಆಳುವವರು ತಲೆಯೆತ್ತಿದರೆ ಸಾಕು, ತಮ್ಮ ತಪ್ಪಿನ ಫಲ ಏನೆಂದು ಕಾಣುತ್ತಿತ್ತು.

ಆದರೆ ಆ ಒಂಬತ್ತು ಮಂದಿ ಹೆಚ್ಚಾಗಿ ಶ್ರೀಮಂತ ವರ್ತಕರು ಮತ್ತು ಲೇವಾದೇವಿಗಾರರು. ಚಮ್ಮಾರನಿಗೂ ಗಾರೆಯವನಿಗೂ ಚಿತ್ರದಲ್ಲಿ ಜಾಗ ಸಿಕ್ಕಿತು, ಕುರ್ಚಿಯಲ್ಲಿ ಸಿಗಲಿಲ್ಲ.

ಅರಮನೆಯ ಸುಮಾರು 88 ಮೀಟರ್ ಎತ್ತರದ ಗಂಟೆಗೋಪುರ ಪೂರ್ಣವಾದ 1348ರಲ್ಲೇ ಪ್ಲೇಗ್ ಬಂತು. ನಗರದ ಅರ್ಧದಷ್ಟಾದರೂ ಜನ ಸತ್ತರೆಂದು ಅಂದಾಜು. ಲೊರೆಂಝೆಟ್ಟಿಯೂ ಆ ಪಿಡುಗಿಗೇ ಬಲಿಯಾದನೆಂದು ಇತಿಹಾಸಕಾರರು ನಂಬುತ್ತಾರೆ. ಏಳು ವರ್ಷಗಳ ನಂತರ, 1355ರಲ್ಲಿ, ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ಸಿಯೆನಾಕ್ಕೆ ಬಂದಾಗ ಅಧಿಕಾರದಿಂದ ಹೊರಗಿದ್ದ ಶ್ರೀಮಂತ ಮನೆತನಗಳೂ ಬಡ ಕುಶಲಕರ್ಮಿಗಳೂ ಒಟ್ಟಿಗೆ ದಂಗೆಯೆದ್ದರು. ಒಂಬತ್ತು ಮಂದಿಯ ಆಡಳಿತ ಉರುಳಿತು. ಎರಡು ಶತಮಾನಗಳ ಬಳಿಕ, 1555ರಲ್ಲಿ, ಫ್ಲಾರೆನ್ಸ್ ಮತ್ತು ಸ್ಪೇನಿನ ಸೈನ್ಯಗಳಿಗೆ ಶರಣಾಗಿ ಸಿಯೆನಾ ತನ್ನ ಸ್ವಾತಂತ್ರ್ಯವನ್ನೂ ಕಳೆದುಕೊಂಡಿತು.

ಇಂದಿಗೂ ಅಲ್ಲಿ ನಗರಸಭೆಯ ಕಚೇರಿಯಿದೆ. ಲೊರೆಂಝೆಟ್ಟಿಯ ಚಿತ್ರಗಳೂ ಅಲ್ಲೇ ಇವೆ. ಗೋಡೆ ಹೇಳಿದ್ದನ್ನು ಒಂಬತ್ತು ಮಂದಿ ದಿನವೂ ನೋಡಿದರು, ಬಾಗಿಲನ್ನು ಮಾತ್ರ ಪೂರ್ತಿ ತೆರೆಯಲಿಲ್ಲ. ನ್ಯಾಯದ ಚಿತ್ರವನ್ನು ಗೋಡೆಗೆ ತೂಗುಹಾಕಿ, ಜನರನ್ನು ಹೊಸ್ತಿಲಾಚೆ ನಿಲ್ಲಿಸುವ ಯಾವ ಆಡಳಿತಕ್ಕಾದರೂ ಈ ಅರಮನೆಯ ಕತೆ ಹೊಂದುತ್ತದೆ.